ದೀಪ ಕೊಳ್ಳುವ ಮುನ್ನ ಗೋಡೆಯನ್ನು ನೋಡಿ

ವಿದ್ಯುತ್ ದರ ಪರಿಷ್ಕರಣೆಯಾದಾಗಲೆಲ್ಲ ಸಣ್ಣ ಉದ್ಯಮಿಗಳ ಸಭೆಗಳಲ್ಲಿ ಕೇಳಿಬರುವ ಬೇಡಿಕೆ ಒಂದೇ: ದರವನ್ನು ಇಳಿಸಬೇಕು ಎಂಬುದು. ಬೇಡಿಕೆ ನ್ಯಾಯವಾದದ್ದೇ, ಅದನ್ನು ಸಂಬಂಧಪಟ್ಟವರ ಮುಂದೆ ಇಡುವ ಕೆಲಸವೂ ನಡೆಯುತ್ತಲೇ ಇರಬೇಕು. ಆದರೆ ನಾವು ಹಣ ತೆತ್ತು ಪಡೆದ ಬೆಳಕು ಅದು ತಲುಪಬೇಕಾದ ಸ್ಥಳಕ್ಕೆ ತಲುಪುತ್ತಿದೆಯೇ, ಇಲ್ಲವೇ ದಾರಿಯಲ್ಲಿಯೇ ಗೋಡೆಯ ಪಾಲಾಗುತ್ತಿದೆಯೇ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಅಪರೂಪ. ಇದಕ್ಕೆ ಯಾವ ಆಯೋಗದ ಆದೇಶವೂ ಬೇಕಾಗಿಲ್ಲ. ಉತ್ತರ ನಮ್ಮ ಕೊಠಡಿಯಲ್ಲಿಯೇ ಇದೆ.

ಈ ಪ್ರಶ್ನೆ ಎಲ್ಲರಿಗಿಂತ ಹೆಚ್ಚಾಗಿ ಅನ್ವಯವಾಗುವುದು ನಮ್ಮ ಭಾಗದಲ್ಲಿ ಹೊಸದಾಗಿ ಬೇರೂರುತ್ತಿರುವ ಒಂದು ಉದ್ಯಮಕ್ಕೆ. ಮಡಿವಾಳ, ಬಿ.ಟಿ.ಎಂ. ಬಡಾವಣೆ, ಜೆ.ಪಿ. ನಗರ ಮುಂತಾದೆಡೆ ಬಾಡಿಗೆ ಕೊಠಡಿಗಳಲ್ಲಿ, ನೆಲಮಾಳಿಗೆಗಳಲ್ಲಿ, ತಾರಸಿಯ ಮೇಲಿನ ಶೆಡ್ಡುಗಳಲ್ಲಿ ದೀಪದ ಬೆಳಕಿನಿಂದಲೇ ಲೆಟ್ಯೂಸ್, ಬೇಸಿಲ್, ಮೈಕ್ರೋಗ್ರೀನ್ಸ್‌ನಂತಹ ಸೊಪ್ಪುಗಳನ್ನು ಬೆಳೆದು ಹೋಟೆಲುಗಳಿಗೆ ಒದಗಿಸುವ ಪ್ರಯತ್ನಗಳು ನಡೆದಿವೆ. ಈ ಕೆಲಸ ಬೆಂಗಳೂರಿಗೆ ತೀರ ಅಪರಿಚಿತವೂ ಅಲ್ಲ. 1965ರಲ್ಲಿ ಡಾ. ಮನಮೋಹನ್ ಅತ್ತಾವರ್ ಅವರು ಸ್ಥಾಪಿಸಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್‌ನಂತಹ ಸಂಸ್ಥೆಗಳು ಅಂಗಾಂಶ ಕೃಷಿಯನ್ನು ವಾಣಿಜ್ಯ ಮಟ್ಟಕ್ಕೆ ತಂದ ಕಾಲದಿಂದಲೂ ಹವಾನಿಯಂತ್ರಿತ ಕೊಠಡಿಗಳಲ್ಲಿ ಟ್ಯೂಬ್‌ಲೈಟುಗಳ ಕೆಳಗೆ ಸಸಿಗಳನ್ನು ಬೆಳೆಸುವುದನ್ನು ಈ ನಗರ ಕಂಡಿದೆ. ಹೊಸದೆಂದರೆ, ಅಂತಹ ಕೊಠಡಿಯನ್ನು ಈಗ ಅಲ್ಪ ಬಂಡವಾಳದ ಯುವಕ ಯುವತಿಯರೂ ಕಟ್ಟಲು ಹೊರಟಿರುವುದು. ಅವರಿಗೆ ದೀಪ, ಕಪಾಟು, ಬಣ್ಣ, ಹಾಳೆಗಳನ್ನು ಮಾರುವವರು ನಮ್ಮ ಸದಸ್ಯರೇ ಆಗಿರುತ್ತಾರೆ.

ಹೊಳಪಿನ ವ್ಯಾಪಾರ

ಇಂತಹ ಕೊಠಡಿಗಳಿಗೆಂದು ಮಾರುಕಟ್ಟೆಗೆ ಬಂದಿರುವ ಸರಕುಗಳಲ್ಲಿ ಕಣ್ಣಿಗೆ ಮೊದಲು ಬೀಳುವುದು ಗೋಡೆಗೆ ಅಂಟಿಸುವ ಬೆಳ್ಳಿ ಬಣ್ಣದ ಹಾಳೆ. ಮೈಲಾರ್ ಎಂಬ ವ್ಯಾಪಾರನಾಮದಿಂದ ಪ್ರಸಿದ್ಧವಾದ ಈ ವಸ್ತು ಪಾಲಿಯೆಸ್ಟರ್ ಹಾಳೆಯ ಮೇಲೆ ಅತ್ಯಂತ ತೆಳುವಾಗಿ ಅಲ್ಯೂಮಿನಿಯಂ ಲೇಪಿಸಿದ್ದು. ಕುರುಕಲು ತಿಂಡಿಯ ಪೊಟ್ಟಣದ ಒಳಬದಿಯಲ್ಲಿ ಮಿರುಗುವುದೂ ಇದೇ ಜಾತಿಯ ಹಾಳೆ. ಇದರ ಜೊತೆಗೆ ಗಜ್ಜರಿ ಹಾಳೆಯಂತೆ ಉಬ್ಬುತಗ್ಗು ಮಾಡಿದ ಬಗೆಗಳು, ಒಳಗೆಲ್ಲ ಬೆಳ್ಳಿ ಹಾಳೆ ಹೊದಿಸಿದ ಸಿದ್ಧ ಡೇರೆಗಳು, ಒಂದು ಬದಿ ಬಿಳಿ ಮತ್ತೊಂದು ಬದಿ ಕಪ್ಪಾಗಿರುವ ಪಾಲಿಥೀನ್ ಹಾಳೆಗಳು ಕೂಡ ದೊರೆಯುತ್ತವೆ. ಬೆಳಕಿನ ನೂರಕ್ಕೆ ತೊಂಬತ್ತೈದು, ತೊಂಬತ್ತೇಳು ಪಾಲನ್ನು ಹಿಂದಿರುಗಿಸುತ್ತದೆ ಎಂಬ ಹೇಳಿಕೆ ಇವುಗಳ ಪೊಟ್ಟಣದ ಮೇಲೆ ಸಾಮಾನ್ಯ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬಹುಪಾಲು ಸಣ್ಣ ಬೆಳೆಗಾರರಿಗೆ ಈ ಹಾಳೆಯ ಅವಶ್ಯಕತೆ ಇಲ್ಲ. ಅವರಿಗೆ ಬೇಕಾದದ್ದು ಹೊಳಪಿಲ್ಲದ, ಶುದ್ಧವಾದ ಬಿಳಿ ಬಣ್ಣ. ಅದಕ್ಕಿಂತ ಹೆಚ್ಚಾಗಿ, ಬಣ್ಣ ಬಳಿಯುವ ಮುನ್ನ ಮತ್ತು ಅನಂತರ ಬೆಳಕನ್ನು ಅಳೆಯುವ ಅಭ್ಯಾಸ. ಮಾರುವವರೂ ಹೊಳಪನ್ನು ಮಾರುವುದನ್ನು ಬಿಟ್ಟು ಅಂಕಿಯನ್ನು ಮಾರುವುದನ್ನು ಕಲಿಯಬೇಕು.

ಗೋಡೆ ನುಂಗುವ ಬೆಳಕಿನ ಲೆಕ್ಕ

ದೀಪದಿಂದ ಹೊರಟ ಬೆಳಕೆಲ್ಲ ನೇರವಾಗಿ ಎಲೆಯ ಮೇಲೆ ಬೀಳುವುದಿಲ್ಲ. ಕಪಾಟಿನ ಅಂಚಿನಿಂದ ಹೊರಕ್ಕೆ ಚೆಲ್ಲಿದ ಪಾಲು ಗೋಡೆಗೆ ತಾಗುತ್ತದೆ. ಗೋಡೆ ಬರಿಯ ಸಿಮೆಂಟ್ ಗಾರೆಯದ್ದಾದರೆ ನೂರರಲ್ಲಿ ಸುಮಾರು ಮೂವತ್ತು ಪಾಲನ್ನು ಮಾತ್ರ ಹಿಂದಿರುಗಿಸಿ ಉಳಿದುದನ್ನು ಶಾಖವಾಗಿ ಮಾರ್ಪಡಿಸುತ್ತದೆ. ಇಟ್ಟಿಗೆಯ ಗೋಡೆಯಾದರೆ ಇನ್ನೂ ಕಡಿಮೆ. ಹೊಸದಾಗಿ ಬಳಿದ ಒಳ್ಳೆಯ ಬಿಳಿ ಬಣ್ಣ 80ರಿಂದ 90 ಪಾಲನ್ನು ಹಿಂದಿರುಗಿಸುತ್ತದೆ. ಬೆಳಕು ಒಂದೇ ಗೋಡೆಗೆ ತಾಗಿ ನಿಲ್ಲುವುದಿಲ್ಲವೆಂಬುದನ್ನೂ ಗಮನಿಸಬೇಕು. ಮೂರು ಬಾರಿ ಗೋಡೆಯಿಂದ ಗೋಡೆಗೆ ಪುಟಿದ ಮೇಲೆ ಗಾರೆಯ ಕೊಠಡಿಯಲ್ಲಿ ನೂರರಲ್ಲಿ ಮೂರು ಪಾಲೂ ಉಳಿಯುವುದಿಲ್ಲ; ನೂರಕ್ಕೆ 85 ಪಾಲು ಪ್ರತಿಫಲಿಸುವ ಬಿಳಿ ಕೊಠಡಿಯಲ್ಲಿ 61 ಪಾಲು ಉಳಿದಿರುತ್ತದೆ.

ಹಾಗಾದರೆ 85ರ ಬಣ್ಣಕ್ಕಿಂತ 95ರ ಹಾಳೆ ಮೇಲಲ್ಲವೇ ಎಂದು ಕೇಳಬಹುದು. ಬರಿದಾದ ಪೆಟ್ಟಿಗೆಯಲ್ಲಿ ಹೌದು. ಆದರೆ ಬೆಳೆಯುವ ಕೊಠಡಿ ಬರಿದಾಗಿರುವುದಿಲ್ಲ. ಹಸಿರು ಎಲೆ ತನ್ನ ಮೇಲೆ ಬಿದ್ದ ಉಪಯುಕ್ತ ಬೆಳಕಿನ ಬಹುಪಾಲನ್ನು ಹೀರಿಕೊಳ್ಳುತ್ತದೆ. ಅದಕ್ಕಾಗಿಯೇ ನಾವು ಬೆಳಕು ನೀಡುತ್ತಿರುವುದು. ಗಿಡಗಳು ತುಂಬಿಕೊಂಡಂತೆ ಬೆಳಕು ಗೋಡೆಯಿಂದ ಗೋಡೆಗೆ ಪುಟಿಯುವ ಅವಕಾಶವೇ ಕಡಿಮೆಯಾಗಿ, ಬಣ್ಣ ಮತ್ತು ಹಾಳೆಯ ನಡುವಿನ ಅಂತರ ಕಿರಿದಾಗುತ್ತದೆ. ಗಾರೆಯಿಂದ ಬಿಳಿಗೆ ಬಂದಾಗ ದೊರೆಯುವ ಲಾಭ ದೊಡ್ಡದು. ಬಿಳಿಯಿಂದ ಬೆಳ್ಳಿಗೆ ಹೋದಾಗ ದೊರೆಯುವ ಲಾಭ ಸಣ್ಣದು.

ಪೊಟ್ಟಣದ ಮೇಲಿನ ಅಂಕಿ ಹೊಸದಾದ, ಸುಕ್ಕಿಲ್ಲದ, ಧೂಳಿಲ್ಲದ ಹಾಳೆಯದ್ದು. ಗೋಡೆಗೆ ಅಂಟಿಸುವಾಗ ಬೀಳುವ ಸುಕ್ಕು, ಗಿಡಗಳ ತೇವದಿಂದ ಕೂರುವ ಹನಿ, ಒರೆಸುವಾಗ ಏಳುವ ಲೇಪ ಇವೆಲ್ಲ ಆ ಅಂಕಿಯನ್ನು ಇಳಿಸುತ್ತ ಹೋಗುತ್ತವೆ. ಅಲ್ಲದೆ ಕನ್ನಡಿಯಂತಹ ಮೈ ಬೆಳಕನ್ನು ಒಂದೇ ದಿಕ್ಕಿಗೆ ಎಸೆಯುತ್ತದೆ. ಮಂದವಾದ ಬಿಳಿ ಮೈ ಎಲ್ಲ ದಿಕ್ಕಿಗೂ ಹರಡುತ್ತದೆ. ಕೆಳಗಿನ ಎಲೆಗಳಿಗೂ ಬದಿಯ ಗಿಡಗಳಿಗೂ ಸಮನಾಗಿ ಬೆಳಕು ದೊರೆಯಬೇಕಾದ ಕಡೆ ಈ ಹರಡುವಿಕೆ ಗುಣವೇ ಹೊರತು ದೋಷವಲ್ಲ.

ಅಗ್ಗವೆಂದು ಕೆಲವರು ಅಡಿಗೆಮನೆಯ ಅಲ್ಯೂಮಿನಿಯಂ ಫಾಯಿಲ್, ಹಳೆಯ ಕನ್ನಡಿ, ಥರ್ಮೋಕೋಲ್ ಹಲಗೆ ಇವನ್ನು ಬಳಸುವುದುಂಟು. ಫಾಯಿಲ್ ಸುಕ್ಕುಗಟ್ಟಿ ಬೆಳಕನ್ನು ತುಂಡುತುಂಡಾಗಿ ಚೆಲ್ಲುತ್ತದೆ. ಅದಕ್ಕಿಂತ ಗಂಭೀರವಾದ ಸಂಗತಿಯೆಂದರೆ ಅದು ವಿದ್ಯುತ್ ವಾಹಕ. ನೀರು, ತಂತಿ, ಫಾಯಿಲ್ ಮೂರೂ ಒಂದೇ ಗೋಡೆಯ ಮೇಲಿದ್ದರೆ ಅಪಾಯ ಖಚಿತ. ಕನ್ನಡಿಯಲ್ಲಿ ಬೆಳಕು ಗಾಜನ್ನು ಎರಡು ಬಾರಿ ಹಾಯಬೇಕಾಗಿ ಒಂದಷ್ಟು ನಷ್ಟವಾಗುತ್ತದೆ. ಥರ್ಮೋಕೋಲ್ ಬೆಳಕನ್ನು ಚೆನ್ನಾಗಿ ಹಿಂದಿರುಗಿಸಿದರೂ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಹದಿನಾರು ಗಂಟೆ ದೀಪ ಉರಿಯುವ ಮುಚ್ಚಿದ ಕೊಠಡಿಗೆ ಅದು ತಕ್ಕ ವಸ್ತುವಲ್ಲ.

ಬಿಳಿಯೆಲ್ಲ ಬಿಳಿಯಲ್ಲ

ಬಣ್ಣದ ವ್ಯಾಪಾರಿಗಳು ಇಲ್ಲಿ ಒಂದು ಸೂಕ್ಷ್ಮವನ್ನು ಗ್ರಾಹಕರಿಗೆ ತಿಳಿಸಬೇಕು. ಸುಣ್ಣಕ್ಕೆ ನೀಲಿ ಬೆರೆಸುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಬಟ್ಟೆಗೆ ನೀಲಿ ಹಾಕುವ ಮಡಿವಾಳರ ಕೌಶಲವೇ ಗೋಡೆಗೂ ಬಂದಿದೆ. ನೀಲಿಯು ಹಳದಿ ಛಾಯೆಯನ್ನು ಅಡಗಿಸುವುದರಿಂದ ಗೋಡೆ ಕಣ್ಣಿಗೆ ಇನ್ನಷ್ಟು ಬೆಳ್ಳಗೆ ತೋರುತ್ತದೆ. ಆದರೆ ಅದು ಹಳದಿ ಬೆಳಕನ್ನು ನುಂಗಿಯೇ ಹಾಗೆ ತೋರಿಸುವುದು. ಒಟ್ಟು ಬೆಳಕು ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಇದಕ್ಕೆ ವಿರುದ್ಧವಾಗಿ ಕೆನೆಬಣ್ಣ, ದಂತವರ್ಣ ಮೊದಲಾದವು ಗಿಡಕ್ಕೆ ಬೇಕಾದ ನೀಲಿ ಬೆಳಕನ್ನು ನುಂಗುತ್ತವೆ. ಬೆಳೆಯುವ ಕೊಠಡಿಗೆ ಬೇಕಾದದ್ದು ಯಾವ ಛಾಯೆಯೂ ಬೆರೆಯದ ಬಿಳಿ.

ಬಣ್ಣದ ಬಿಳುಪಿಗೆ ಮುಖ್ಯ ಕಾರಣ ಟೈಟಾನಿಯಂ ಡೈಆಕ್ಸೈಡ್ ಎಂಬ ಪುಡಿ. ಕೇರಳದ ಚವರದ ಕಡಲ ಮರಳಿನ ಖನಿಜದಿಂದ ತಯಾರಾಗುವುದೂ ಇದೇ. ಬೆಲೆ ತಗ್ಗಿಸಲು ಇದರ ಪ್ರಮಾಣ ಇಳಿಸಿ ಸೀಮೆಸುಣ್ಣದ ಪುಡಿಯನ್ನು ಹೆಚ್ಚಿಸಿದ ಡಿಸ್ಟೆಂಪರುಗಳು ಒಣಗಿದಾಗ ಬೆಳ್ಳಗಿದ್ದರೂ ತೇವವಾದೊಡನೆ ಮಂಕಾಗುತ್ತವೆ. ಬರಿಯ ಸುಣ್ಣಕ್ಕೂ ಈ ಮಿತಿ ಇದೆ. ಸುಣ್ಣದ ಕ್ಷಾರಗುಣ ಬೂಷ್ಟನ್ನು ತಡೆಯುತ್ತದೆ, ಖರ್ಚೂ ಅತ್ಯಲ್ಪ; ರೇಷ್ಮೆ ಸಾಕಣೆ ಮನೆಗಳ ಸೋಂಕುನಿವಾರಣೆಯಲ್ಲಿ ಬ್ಲೀಚಿಂಗ್ ಪುಡಿಯೊಡನೆ ಅದಕ್ಕೆ ಸ್ಥಾನ ದೊರೆತಿರುವುದು ಸುಮ್ಮನೆ ಅಲ್ಲ. ಆದರೆ ಅದು ಪುಡಿ ಉದುರಿಸುತ್ತದೆ, ಸೊಪ್ಪಿನ ಮೇಲೆ ಬೀಳುತ್ತದೆ, ತೊಳೆಯಲು ಬರುವುದಿಲ್ಲ. ಆದುದರಿಂದ ತಿನ್ನುವ ಸೊಪ್ಪು ಬೆಳೆಯುವ ಕೊಠಡಿಗೆ ತೊಳೆಯಬಹುದಾದ, ಬೂಷ್ಟು ನಿರೋಧಕ, ಹೊಳಪಿಲ್ಲದ ಬಿಳಿ ಎಮಲ್ಷನ್ ಸೂಕ್ತ. ನೆಲಕ್ಕೆ ಬಿಳಿಯ ಟೈಲ್ಸ್, ಛಾವಣಿಗೂ ಅದೇ ಬಿಳಿ ಬಣ್ಣ ಇದ್ದರೆ ಇನ್ನೂ ಉತ್ತಮ.

ಬಾಡಿಗೆ ಕೊಠಡಿಯ ಗೋಡೆಗೆ ಬಣ್ಣ ಬಳಿಯಲು ಮಾಲೀಕರು ಒಪ್ಪದಿದ್ದಾಗ, ಅಥವಾ ಗೋಡೆ ಇಲ್ಲದ ತೆರೆದ ಅಂಗಳದ ನಡುವೆ ಕಪಾಟು ನಿಲ್ಲಿಸಬೇಕಾದಾಗ ಹಾಳೆಗೆ ಅದರ ಸ್ಥಾನ ಇದ್ದೇ ಇದೆ. ಅಂತಹ ಕಡೆ ಬಿಳಿ-ಕಪ್ಪು ಪಾಲಿಥೀನ್ ಹಾಳೆಯನ್ನು ಬಿಳಿಯ ಬದಿ ಗಿಡದ ಕಡೆಗಿರುವಂತೆ, ಕಪಾಟಿಗೆ ಹತ್ತಿರವಾಗಿ ತೂಗುಬಿಡುವುದು ಒಳ್ಳೆಯದು. ಗೋಡೆಗೆ ಅಂಟಿಸಿದ ಹಾಳೆಯ ಹಿಂದೆ ತೇವ ನಿಂತು ಬೂಷ್ಟು ಬೆಳೆಯುವುದರಿಂದ ನಡುವೆ ಗಾಳಿಯಾಡಲು ಎಡೆ ಬಿಡಬೇಕು. ಕೋಲಾರದ ಕಡೆಯ ತರಕಾರಿ ರೈತರಿಗೆ ಬೆಳ್ಳಿ-ಕಪ್ಪು ಮಲ್ಚಿಂಗ್ ಹಾಳೆ ಪರಿಚಿತ ವಸ್ತುವಾಗಿದೆ. ಆ ಹಾಳೆ ತಯಾರಿಸುವ ಘಟಕಗಳಿಗೆ ಒಳಾಂಗಣದ ಬಿಳಿ ಹಾಳೆಯೂ ಅಸಾಧ್ಯವಾದ ಸರಕಲ್ಲ.

ರೂಪಾಯಿಯಲ್ಲಿ ನೋಡಿದಾಗ

ಎಲ್‌ಇಡಿ ಬಂದ ಮೇಲೆ ಬೆಳಕು ಅಗ್ಗವಾಯಿತಲ್ಲ, ಇಷ್ಟು ಲೆಕ್ಕವೇಕೆ ಎಂಬ ಆಕ್ಷೇಪಣೆ ಬರಬಹುದು. 2015ರಲ್ಲಿ ಆರಂಭವಾದ ಉಜಾಲಾ ಯೋಜನೆಯಿಂದ ಎಲ್‌ಇಡಿ ಬಲ್ಬು ಮನೆಮನೆಗೂ ತಲುಪಿದ್ದು ನಿಜ. ಆದರೆ ಕಚೇರಿಯ ಮೇಜಿಗೆ 300ರಿಂದ 500 ಲಕ್ಸ್ ಬೆಳಕು ಸಾಕಾದರೆ, ಲೆಟ್ಯೂಸ್ ಬೆಳೆಯಲು ಬಿಳಿ ಎಲ್‌ಇಡಿಯ ಬೆಳಕಿನಲ್ಲಿ 17,000 ಲಕ್ಸ್‌ನಷ್ಟು ಬೆಳಕನ್ನು ದಿನಕ್ಕೆ ಹದಿನಾರು ಗಂಟೆ ಕೊಡಬೇಕಾಗುತ್ತದೆ. ಮನೆಯ ಅಗ್ಗದ ಬೆಳಕು ಇಲ್ಲಿ ದುಬಾರಿ ಕಚ್ಚಾ ಸಾಮಗ್ರಿಯಾಗುತ್ತದೆ.

ಒಂದು ಮಾದರಿ ಲೆಕ್ಕವನ್ನು ನೋಡೋಣ. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೊಠಡಿಯಲ್ಲಿ ಒಟ್ಟು 2 ಕಿಲೋವಾಟ್ ದೀಪಗಳಿವೆ ಎಂದಿಟ್ಟುಕೊಳ್ಳಿ. ಹದಿನಾರು ಗಂಟೆಗೆ 32 ಯೂನಿಟ್, ತಿಂಗಳಿಗೆ 960 ಯೂನಿಟ್. ಗೋಡೆ ಬೆಳ್ಳಗಾದುದರಿಂದ ನೂರಕ್ಕೆ ಹದಿನೈದರಷ್ಟು ಕಡಿಮೆ ದೀಪಗಳಲ್ಲಿಯೇ ಅದೇ ಬೆಳಕು ದೊರೆಯಿತು ಎಂದಾದರೆ ಉಳಿತಾಯ 144 ಯೂನಿಟ್. ಉರಿಯದ ದೀಪದ ಶಾಖವನ್ನು ಹೊರಹಾಕುವ ಕೆಲಸ ಹವಾನಿಯಂತ್ರಕಕ್ಕೂ ಇರುವುದಿಲ್ಲ. ದೀಪದ ಮೂರು ಯೂನಿಟ್ಟಿಗೆ ಅದರ ಒಂದು ಯೂನಿಟ್ ಎಂದು ಹಿಡಿದರೆ ಇನ್ನೂ 48. ಯೂನಿಟ್ಟಿಗೆ 7 ರೂಪಾಯಿ ಎಂದು ಭಾವಿಸಿದರೆ ತಿಂಗಳಿಗೆ 1,344 ರೂಪಾಯಿ, ವರ್ಷಕ್ಕೆ 16,128 ರೂಪಾಯಿ. ನಾಲ್ಕು ಗೋಡೆಗಳ ಸುಮಾರು 420 ಚದರ ಅಡಿಗೆ ಎರಡು ಕೋಟು ಬಣ್ಣ ಬಳಿಯಲು ಏಳೆಂಟು ಲೀಟರ್ ಎಮಲ್ಷನ್ ಬೇಕಾಗುತ್ತದೆ. ಈ ಎರಡು ಮೊತ್ತಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಹೆಚ್ಚು ವಿವರಣೆ ಬೇಕಾಗುವುದಿಲ್ಲ.

ಹದಿನೈದು ಎಂಬುದು ಲೆಕ್ಕಕ್ಕಾಗಿ ಹಿಡಿದ ಅಂಕಿ. ಕಿರಿದಾದ ಕೊಠಡಿಯಲ್ಲಿ ಗೋಡೆಗೆ ಒತ್ತಿಕೊಂಡು ಕಪಾಟುಗಳಿದ್ದರೆ ಲಾಭ ಹೆಚ್ಚು. ವಿಶಾಲವಾದ ಶೆಡ್ಡಿನ ನಡುವೆ ಕಪಾಟುಗಳಿದ್ದು ಗೋಡೆ ದೂರವಿದ್ದರೆ ಲಾಭ ಕಡಿಮೆ. ಆದುದರಿಂದಲೇ ಅಳತೆ ಅಗತ್ಯ. ಒಂದು ಸಾಧಾರಣ ಲಕ್ಸ್ ಮೀಟರಿನಿಂದ ಗಿಡದ ಎತ್ತರದಲ್ಲಿ, ಕೊಠಡಿಯ ಒಂಬತ್ತು ಗುರುತಿಸಿದ ಬಿಂದುಗಳಲ್ಲಿ, ಬಣ್ಣಕ್ಕೆ ಮೊದಲು ಮತ್ತು ಅನಂತರ ಅಳೆದು ಬರೆದಿಟ್ಟುಕೊಂಡರೆ ಸಾಕು. ಸರಾಸರಿ ಎಷ್ಟು ಏರಿತು, ಮೂಲೆಗೂ ನಡುವಿಗೂ ಇದ್ದ ಅಂತರ ಎಷ್ಟು ಇಳಿಯಿತು ಎಂಬುದು ತಾನೇ ತಿಳಿಯುತ್ತದೆ. ಮಂದ ಬಣ್ಣದ ಗೋಡೆಯನ್ನಷ್ಟೇ ಪರೀಕ್ಷಿಸಬೇಕಾದರೆ ಮೀಟರನ್ನು ಗೋಡೆಗೆ ಆನಿಸಿ ಕೊಠಡಿಯ ಕಡೆಗೆ ತಿರುಗಿಸಿ ಒಮ್ಮೆ, ಗೋಡೆಯಿಂದ ಒಂದಡಿ ದೂರದಲ್ಲಿ ಗೋಡೆಯ ಕಡೆಗೆ ತಿರುಗಿಸಿ ಇನ್ನೊಮ್ಮೆ ಅಳೆಯಬೇಕು. ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ ಗೋಡೆಯ ಪ್ರತಿಫಲನ ಪ್ರಮಾಣ ಸ್ಥೂಲವಾಗಿ ದೊರೆಯುತ್ತದೆ. ಕನ್ನಡಿಯಂತೆ ಹೊಳೆಯುವ ಹಾಳೆಗೆ ಈ ವಿಧಾನ ಸಲ್ಲದು. ಅದಕ್ಕೆ ಒಂಬತ್ತು ಬಿಂದುಗಳ ಅಳತೆಯೇ ಸರಿ.

ಅಣಬೆ ಬೆಳೆಗಾರರಿಗೆ ಈ ಖರ್ಚೇ ಬೇಕಾಗಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಅಣಬೆ ಬೆಳಕಿನಿಂದ ಆಹಾರ ತಯಾರಿಸಿಕೊಳ್ಳುವ ಜೀವಿಯಲ್ಲ. ಚಿಪ್ಪಣಬೆಗೆ ಮೊಗ್ಗೊಡೆಯುವ ಹಂತದಲ್ಲಿ ಮಾತ್ರ ಅಲ್ಪ ಬೆಳಕು ಸಾಕು. ಅಂತಹವರಿಗೆ ಬೆಳ್ಳಿ ಹಾಳೆ ಮಾರುವ ವ್ಯಾಪಾರಿ ಒಂದು ಬಾರಿಯ ಲಾಭಕ್ಕಾಗಿ ಗ್ರಾಹಕನನ್ನು ಕಳೆದುಕೊಳ್ಳುತ್ತಾನೆ.

ಕಾನೂನಿನ ಗೆರೆ

ಈ ಸರಕಿನ ವ್ಯಾಪಾರಕ್ಕೆ ಮತ್ತೊಂದು ಮುಖವೂ ಇದೆ. ಪಾಶ್ಚಾತ್ಯ ದೇಶಗಳಲ್ಲಿ ಬೆಳ್ಳಿ ಹಾಳೆಯ ಡೇರೆಗಳಿಗೆ ಬೇಡಿಕೆ ತಂದದ್ದು ಬಹುಮಟ್ಟಿಗೆ ಮನೆಯೊಳಗೆ ಗಾಂಜಾ ಬೆಳೆಯುವವರು. ಕೆನಡಾ 2018ರಲ್ಲಿ ಗಾಂಜಾವನ್ನು ಕಾನೂನುಬದ್ಧಗೊಳಿಸಿತು. ನಮ್ಮಲ್ಲಿ ಪರಿಸ್ಥಿತಿ ಬೇರೆ. 1985ರ ಮಾದಕ ದ್ರವ್ಯ ಮತ್ತು ಅಮಲು ಪದಾರ್ಥಗಳ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಗಾಂಜಾ ಗಿಡ ಬೆಳೆಯುವುದು ಅಪರಾಧ. ಹತ್ತು ವರ್ಷದವರೆಗೆ ಕಠಿಣ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಅಪರಾಧಕ್ಕೆ ತನ್ನ ಮನೆ ಅಥವಾ ಕೊಠಡಿ ಬಳಕೆಯಾಗುತ್ತಿದೆಯೆಂದು ತಿಳಿದೂ ಅವಕಾಶ ಕೊಟ್ಟ ಮಾಲೀಕರೂ ಅದೇ ಕಾಯ್ದೆಯ 25ನೇ ಕಲಮಿನ ವ್ಯಾಪ್ತಿಗೆ ಬರುತ್ತಾರೆ. ಉತ್ತರಾಖಂಡದಲ್ಲಿ 2018ರಿಂದ ಪರವಾನಗಿಗೆ ಒಳಪಟ್ಟು ಬೆಳೆಯಲಾಗುತ್ತಿರುವುದು ನಾರಿನ ಉದ್ಯಮಕ್ಕಾಗಿ, ಅಮಲು ಪದಾರ್ಥಕ್ಕಾಗಿ ಅಲ್ಲ. 2021ರಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಬಿಡದಿಯ ಮನೆಯೊಂದರಲ್ಲಿ ಒಳಾಂಗಣ ಗಾಂಜಾ ಬೆಳೆಯನ್ನು ಪತ್ತೆಹಚ್ಚಿದ ಪ್ರಕರಣ ಓದುಗರ ನೆನಪಿನಲ್ಲಿರಬಹುದು.

ಹೀಗಿರುವಾಗ, ಸೊಪ್ಪು ಬೆಳೆಯುವ ಪ್ರಾಮಾಣಿಕ ಉದ್ಯಮಿಯ ಕೊಠಡಿಯೂ ಹೊರಗಿನವರ ಕಣ್ಣಿಗೆ ಸಂಶಯದ ವಸ್ತುವಾಗದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹಿತದ ಪ್ರಶ್ನೆ. ಮಾರಾಟಕ್ಕೆ ಬಿಲ್ಲು, ಬಾಡಿಗೆಗೆ ಬೆಳೆಯ ಹೆಸರು ನಮೂದಿಸಿದ ಕರಾರುಪತ್ರ, ಬೆಳೆಗಾರನಿಗೆ ಅಗತ್ಯವಾದ ಉದ್ಯಮ ಹಾಗೂ ಆಹಾರ ಸುರಕ್ಷತಾ ನೋಂದಣಿ ಇವುಗಳನ್ನು ಪಾಲಿಸುವುದು ಕಷ್ಟವಲ್ಲ. ಬಿಲ್ಲಿಲ್ಲದೆ ಮಾಲು ಕೇಳುವ ಗ್ರಾಹಕನನ್ನು ಬಾಗಿಲಲ್ಲಿಯೇ ಕಳುಹಿಸಿಕೊಡುವುದು ಲೇಸು.

ಹಳೆಯ ನಿಯಮದ ವಿವೇಕ

ಗೋಡೆಯನ್ನು ಬೆಳ್ಳಗಿಡುವುದು ಕಾರ್ಖಾನೆಗಳಿಗೆ ಹೊಸ ಬೋಧನೆಯೇನೂ ಅಲ್ಲ. 1948ರ ಕಾರ್ಖಾನೆಗಳ ಕಾಯ್ದೆಯ 11ನೇ ಕಲಮು, ಬಣ್ಣ ಅಥವಾ ವಾರ್ನಿಷ್ ಇಲ್ಲದ ಗೋಡೆಗಳಿಗೆ ಹದಿನಾಲ್ಕು ತಿಂಗಳಿಗೊಮ್ಮೆಯಾದರೂ ಸುಣ್ಣ ಅಥವಾ ಬಣ್ಣದ ಸುಣ್ಣ ಬಳಿಯಬೇಕೆಂದು ವಿಧಿಸಿತ್ತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಕಾಯ್ದೆಯ ಸ್ಥಾನವನ್ನು ಹೊಸ ಸಂಹಿತೆ ಪಡೆದಿದೆ. ಇನ್‌ಸ್ಪೆಕ್ಟರು ಬರುವ ದಿನಕ್ಕಾಗಿ ಸುಣ್ಣ ಬಳಿಯುತ್ತಿದ್ದವರು ಬಹಳ. ಅದೇ ಸುಣ್ಣದಿಂದ ದೀಪದ ಖರ್ಚು ತಗ್ಗುತ್ತಿತ್ತೆಂದು ಲೆಕ್ಕ ಹಾಕಿದವರು ವಿರಳ. ಹೊಸೂರು ರಸ್ತೆಯ ಹೊಲಿಗೆ ಘಟಕವಾಗಲಿ, ಸಣ್ಣ ಯಂತ್ರಾಗಾರವಾಗಲಿ, ಈ ಮಾತು ಗಿಡ ಬೆಳೆಯದವರಿಗೂ ಅನ್ವಯಿಸುತ್ತದೆ. ಸೂಜಿಗೆ ದಾರ ಪೋಣಿಸುವ ಕಣ್ಣಿಗೂ ಗೋಡೆಯಿಂದ ಮರಳಿದ ಬೆಳಕು ಬೇಕು.

ಕೆಲವು ಸಲಹೆಗಳು

ಮೊದಲನೆಯದಾಗಿ, ಹಾಳೆ ಮತ್ತು ಬಣ್ಣ ಮಾರುವ ಸದಸ್ಯರು ಪ್ರತಿಫಲನ ಪ್ರಮಾಣ, ಹಾಳೆಯ ದಪ್ಪ, ಬೆಂಕಿಗೆ ಅದರ ವರ್ತನೆ ಇವನ್ನು ಲಿಖಿತವಾಗಿ ನೀಡಬೇಕು. ತಯಾರಕರಿಂದ ಪರೀಕ್ಷಾ ವರದಿ ಕೇಳಿ ಪಡೆಯಬೇಕು. ವರದಿ ಇಲ್ಲದ ಶೇಕಡಾವಾರು ಅಂಕಿಯನ್ನು ಜಾಹೀರಾತಿನಲ್ಲಿ ಬಳಸಬಾರದು.

ಎರಡನೆಯದಾಗಿ, ನಮ್ಮ ಮಂಡಲಿಯು ಕೆಲವು ಲಕ್ಸ್ ಮೀಟರುಗಳನ್ನೂ, ಗಿಡಗಳು ಬಳಸುವ ಬೆಳಕನ್ನೇ ಅಳೆಯುವ ಒಂದು ಮೀಟರನ್ನೂ ಕೊಂಡು ಸದಸ್ಯರಿಗೆ ದಿನದ ಲೆಕ್ಕದಲ್ಲಿ ಅಲ್ಪ ಶುಲ್ಕಕ್ಕೆ ಒದಗಿಸಬೇಕು. ಒಬ್ಬೊಬ್ಬರೂ ಕೊಳ್ಳಲಾಗದ ಉಪಕರಣವನ್ನು ಎಲ್ಲರಿಗಾಗಿ ಕೊಳ್ಳುವುದು ಇಂತಹ ಸಂಸ್ಥೆಗಳ ಕೆಲಸ.

ಮೂರನೆಯದಾಗಿ, ಸಣ್ಣ ಬಣ್ಣ ತಯಾರಿಕಾ ಘಟಕಗಳು ಬೆಳೆ ಕೊಠಡಿಗೆಂದೇ ಛಾಯೆಯಿಲ್ಲದ, ತೊಳೆಯಬಹುದಾದ ಮಂದ ಬಿಳಿಯನ್ನು ತಯಾರಿಸಿ ಮಾನ್ಯತೆ ಪಡೆದ ಪ್ರಯೋಗಾಲಯದಿಂದ ಪರೀಕ್ಷೆ ಮಾಡಿಸಬೇಕು. 1937ರಿಂದ ಬಣ್ಣ ತಯಾರಿಸುತ್ತ ಬಂದಿರುವ, ಮತದಾನದ ಶಾಯಿಯಿಂದ ದೇಶಕ್ಕೇ ಪರಿಚಿತವಾದ ಸಂಸ್ಥೆ ಮೈಸೂರಿನಲ್ಲಿದೆ. ಬಣ್ಣದ ರಸಾಯನ ನಮ್ಮ ರಾಜ್ಯಕ್ಕೆ ಹೊಸದಲ್ಲ.

ನಾಲ್ಕನೆಯದಾಗಿ, ಹೇಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹಾಗೂ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯಗಳನ್ನು ಸಂಪರ್ಕಿಸಿ, ಒಂದೇ ಅಳತೆಯ ಎರಡು ಬಾಡಿಗೆ ಕೊಠಡಿಗಳಲ್ಲಿ, ಒಂದಕ್ಕೆ ಬಣ್ಣ ಮತ್ತೊಂದಕ್ಕೆ ಹಾಳೆ ಹಾಕಿ, ಒಂದೇ ಬೆಳೆಯನ್ನು ಬೆಳೆದು ತೂಗಿ ನೋಡುವ ಪ್ರಯೋಗ ಕೈಗೊಳ್ಳುವಂತೆ ವಿನಂತಿಸಬೇಕು. ಅದರ ಫಲಿತಾಂಶ ಈ ಪತ್ರಿಕೆಯಲ್ಲಿ ಪ್ರಕಟವಾದರೆ ಮಾರುವವರಿಗೂ ಕೊಳ್ಳುವವರಿಗೂ ಒಂದೇ ಆಧಾರ ದೊರೆತಂತಾಗುತ್ತದೆ.

ಸಾಲ ಮಾಡಿ ಕೊಠಡಿ ಕಟ್ಟುವ ಹೊಸ ಉದ್ಯಮಿ ಮೊದಲ ಆರು ತಿಂಗಳಲ್ಲಿ ಬಂಡವಾಳ ಕರಗಿಸಿಕೊಂಡು ಬಾಗಿಲು ಹಾಕಿದರೆ ಅವನೊಬ್ಬನಿಗಷ್ಟೇ ನಷ್ಟವಲ್ಲ. ಅವನಿಗೆ ಕಪಾಟು ಮಾರಿದವನು, ಬಣ್ಣ ಮಾರಿದವನು, ಕೊಠಡಿ ಬಾಡಿಗೆಗೆ ಕೊಟ್ಟವನು ಎಲ್ಲರಿಗೂ ಎರಡನೆಯ ಬಾರಿಯ ವ್ಯಾಪಾರ ತಪ್ಪುತ್ತದೆ. ಮುಂದಿನ ಸಲ ಗ್ರಾಹಕನು ಇನ್ನೆರಡು ದೀಪ ಬೇಕೆಂದು ಅಂಗಡಿಗೆ ಬಂದಾಗ, ಗೋಡೆಗೆ ಯಾವ ಬಣ್ಣ ಬಳಿದಿದ್ದೀರಿ ಎಂದು ವ್ಯಾಪಾರಿಯೇ ಕೇಳಲಿ. ದೀಪದ ಮಾರಾಟ ಅಂದು ತಪ್ಪಿದರೂ, ಆ ಗ್ರಾಹಕ ಮರುವರ್ಷವೂ ಅಂಗಡಿಗೆ ಬರುತ್ತಾನೆ.